ದೇಹದಲ್ಲಿ ಗ್ರಂಥಿಯನ್ನು ಬೆಳೆಸುವ ಎ.ಸಿ.ಟಿ.ಎಚ್. ತಟ್ಟೆಯಲ್ಲಿ ಅದರ ಕೋಶಗಳನ್ನು ಏಕೆ ತಡೆಯುತ್ತದೆ? ಅಡ್ರಿನಲ್ ಗ್ರಂಥಿಯ ಸ್ಥಳೀಯ ಬೆಳವಣಿಗೆ ಅಂಶಗಳ ಕುರಿತು

ಪ್ರಶ್ನೆ: ಗಂಗೋತ್ರಿ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರಿಗೆಂದು ಅಡ್ರಿನಲ್ ಗ್ರಂಥಿಯ ಬೆಳವಣಿಗೆಯ ನಿಯಂತ್ರಣವನ್ನು ವಿಷಯವಾಗಿ ಆರಿಸಿಕೊಂಡು ಟಿಪ್ಪಣಿ ಮಾಡಿಕೊಳ್ಳುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎ.ಸಿ.ಟಿ.ಎಚ್. ಹಾರ್ಮೋನು ಅಡ್ರಿನಲ್ ಕಾರ್ಟೆಕ್ಸಿನಲ್ಲಿ, ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ, ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹಾರ್ಮೋನಿನ ತಯಾರಿಕೆಯನ್ನು ಪ್ರಚೋದಿಸುವುದಲ್ಲದೆ ಆ ಗ್ರಂಥಿಯ ಗಾತ್ರವನ್ನೂ ಕಾಪಾಡುತ್ತದೆ ಎಂದು ಪದವಿ ತರಗತಿಯಿಂದಲೂ ಓದಿಕೊಂಡು ಬಂದಿದ್ದೇವೆ. ಇಲಿಯ ಪಿಟ್ಯುಟರಿಯನ್ನು ತೆಗೆದರೆ ಅದರ ಅಡ್ರಿನಲ್ ಕಾರ್ಟೆಕ್ಸ್ ಸೊರಗಿಹೋಗುತ್ತದೆ ಎಂಬುದನ್ನು ಫಿಲಿಪ್ ಸ್ಮಿತ್ 1930ರಲ್ಲಿಯೇ ತೋರಿಸಿದ್ದರು. ಇಷ್ಟರವರೆಗೆ ಎಲ್ಲವೂ ಸರಿಯಾಗಿದೆ. ಆದರೆ 1975ರಲ್ಲಿ ರಾಮಚಂದ್ರನ್ ಮತ್ತು ಸುಯಾಮ ಪ್ರಕಟಿಸಿದ ಪ್ರಬಂಧದ ಪ್ರಕಾರ, ಗ್ರಂಥಿಯಿಂದ ಬೇರ್ಪಡಿಸಿ ತಟ್ಟೆಯಲ್ಲಿ ಬೆಳೆಸಿದ ಸಹಜ ಕಾರ್ಟೆಕ್ಸ್ ಕೋಶಗಳಿಗೆ ಎ.ಸಿ.ಟಿ.ಎಚ್. ಕೊಟ್ಟಾಗ ಅವುಗಳ ವಿಭಜನೆ ಹೆಚ್ಚುವುದರ ಬದಲು ಕುಗ್ಗುತ್ತದೆ. ಒಂದೇ ಹಾರ್ಮೋನು ದೇಹದೊಳಗೆ ಗ್ರಂಥಿಯನ್ನು ಬೆಳೆಸುವುದು, ತಟ್ಟೆಯಲ್ಲಿ ಅದೇ ಗ್ರಂಥಿಯ ಕೋಶಗಳನ್ನು ತಡೆಯುವುದು ಹೇಗೆ ಸಾಧ್ಯ?

ನಮ್ಮ ಪಠ್ಯದಲ್ಲಿ ಇದಕ್ಕೆ ‘ಸ್ಥಳೀಯವಾಗಿ ತಯಾರಾಗುವ ಬೆಳವಣಿಗೆ ಅಂಶಗಳು ಮಧ್ಯವರ್ತಿಗಳಾಗಿ ವರ್ತಿಸುತ್ತವೆ’ ಎಂಬ ಒಂದೇ ವಾಕ್ಯದ ಉತ್ತರವಿದೆ. ಯಾವ ಅಂಶ, ಅದನ್ನು ಯಾವ ಕೋಶ ತಯಾರಿಸುತ್ತದೆ, ಎ.ಸಿ.ಟಿ.ಎಚ್.ಗೂ ಅದಕ್ಕೂ ಇರುವ ಸಂಬಂಧವೇನು ಎಂಬುದು ಅಲ್ಲಿಲ್ಲ. ಈ ವಾಕ್ಯವನ್ನೇ ಸೆಮಿನಾರಿನಲ್ಲಿ ಒಪ್ಪಿಸಿದರೆ ಮುಂದಿನ ಬೆಂಚಿನಿಂದ ಬರುವ ಮೊದಲ ಪ್ರಶ್ನೆಗೇ ನಾನು ನಿರುತ್ತರಳಾಗುತ್ತೇನೆ.


ಉತ್ತರ: ಹಳೆಯ ಮೇಷ್ಟ್ರು, ಸರಸ್ವತಿಪುರಂ

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯಮ್ಮ. ನಿನ್ನ ಟಿಪ್ಪಣಿಯಲ್ಲಿರುವ ಎರಡು ಸಂಗತಿಗಳೂ ನಿಜ. ಒಂದನ್ನು ಒಪ್ಪಿ ಇನ್ನೊಂದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಕೋಶ ಕೆಲಸ ಮಾಡುವುದು ಬೇರೆ, ಕೋಶ ಇಬ್ಭಾಗವಾಗುವುದು ಬೇರೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಪರಿಹಾರವಾಗುತ್ತದೆ.

ಎ.ಸಿ.ಟಿ.ಎಚ್. ಕೋಶದ ಮೇಲಿರುವ ತನ್ನ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡಾಗ ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕ ಅಣುವಿನ ಪ್ರಮಾಣ ಏರುತ್ತದೆ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಚುರುಕಾಗುತ್ತದೆ, ಸ್ಟಾರ್ ಎಂಬ ಪ್ರೋಟೀನಿನ ನೆರವಿನಿಂದ ಕೊಲೆಸ್ಟರಾಲ್ ಮೈಟೊಕಾಂಡ್ರಿಯದ ಒಳಪೊರೆಗೆ ಸಾಗಿ ಅಲ್ಲಿಂದ ಸ್ಟೀರಾಯ್ಡ್ ತಯಾರಿಕೆ ಆರಂಭವಾಗುತ್ತದೆ. ಇದು ಕೋಶವನ್ನು ಅದರ ವೃತ್ತಿಯಲ್ಲಿ ಪಳಗಿಸುವ ಸಂಕೇತ. ಪೂರ್ತಿ ಪಳಗಿ ದುಡಿಯುತ್ತಿರುವ ಕೋಶ ಅದೇ ಹೊತ್ತಿನಲ್ಲಿ ವಿಭಜನೆಗೆ ಇಳಿಯುವುದು ಕಡಿಮೆ. ತಟ್ಟೆಯಲ್ಲಿ ಒಂಟಿಯಾಗಿರುವ ಕೋಶಕ್ಕೆ ಎ.ಸಿ.ಟಿ.ಎಚ್. ಒಂದನ್ನೇ ಕೊಟ್ಟಾಗ ಕಾಣುವುದು ಈ ಮುಖ ಮಾತ್ರ. ದೇಹದೊಳಗೆ ಅದೇ ಕೋಶದ ಸುತ್ತ ಹೊರಕವಚವಿದೆ, ದಟ್ಟವಾದ ಲೋಮನಾಳಗಳಿವೆ, ನಾರು ಕೋಶಗಳಿವೆ, ನೆರೆಯ ಕಾರ್ಟೆಕ್ಸ್ ಕೋಶಗಳಿವೆ. ಇವೆಲ್ಲವೂ ಬೆಳವಣಿಗೆ ಅಂಶಗಳನ್ನು, ಅಂದರೆ ಕೋಶಗಳ ವಿಭಜನೆ ಮತ್ತು ಕೆಲಸವನ್ನು ನಿಯಂತ್ರಿಸುವ ಸಂಕೇತ ಪ್ರೋಟೀನುಗಳನ್ನು, ತಯಾರಿಸಿ ಅಲ್ಲಲ್ಲೇ ಬಿಡುತ್ತವೆ. ಕೆಲವನ್ನು ಕೋಶ ತನಗೆ ತಾನೇ ಬಿಟ್ಟುಕೊಳ್ಳುತ್ತದೆ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟ ಮಾತ್ರಕ್ಕೆ ಯಾವ ಗದ್ದೆಗೆ ಎಷ್ಟು ಹರಿಯಬೇಕೆಂಬುದು ತೀರ್ಮಾನವಾಗುವುದಿಲ್ಲ, ಅದು ತೂಬಿನ ಬಳಿ ನಿಂತ ನೀರುಗಂಟಿಯ ಕೈಯಲ್ಲಿರುತ್ತದೆ ಎಂದು ನಮ್ಮ ಮಂಡ್ಯದ ಕಡೆಯ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ಈಗ ಒಂದೊಂದೇ ಅಂಶಕ್ಕೆ ಬರೋಣ. ಮೊದಲನೆಯದು ಇನ್ಸುಲಿನ್ ಹೋಲುವ ಬೆಳವಣಿಗೆ ಅಂಶ, ಅಂದರೆ ಐ.ಜಿ.ಎಫ್. ಇದರಲ್ಲಿ 1 ಮತ್ತು 2 ಎಂಬ ಎರಡು ಬಗೆಗಳಿವೆ. ಐ.ಜಿ.ಎಫ್.-1 ಯಕೃತ್ತಿನಿಂದ ರಕ್ತಕ್ಕೆ ಬರುವುದೆಂದು ನೀನು ಓದಿರುತ್ತೀಯೆ, ಆದರೆ ಹಸುವಿನ ಅಡ್ರಿನಲ್ ಕಾರ್ಟೆಕ್ಸ್ ಕೋಶಗಳೂ ಅದನ್ನು ತಯಾರಿಸಿ ಹೊರಬಿಡುತ್ತವೆ, ಎ.ಸಿ.ಟಿ.ಎಚ್. ಕೊಟ್ಟರೆ ಹೆಚ್ಚಾಗಿ ಬಿಡುತ್ತವೆ. ಇಷ್ಟೇ ಅಲ್ಲ. ಎ.ಸಿ.ಟಿ.ಎಚ್. ಆ ಕೋಶಗಳ ಮೇಲಿನ ಐ.ಜಿ.ಎಫ್.-1 ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ, ಐ.ಜಿ.ಎಫ್.-1 ಪ್ರತಿಯಾಗಿ ಎ.ಸಿ.ಟಿ.ಎಚ್. ಗ್ರಾಹಕಗಳನ್ನು ಹೆಚ್ಚಿಸುತ್ತದೆ. ಪರಸ್ಪರ ಬೆನ್ನು ತಟ್ಟುವ ಈ ವ್ಯವಸ್ಥೆಯಿಂದಾಗಿ ರಕ್ತದಲ್ಲಿ ಎ.ಸಿ.ಟಿ.ಎಚ್. ಪ್ರಮಾಣ ಅಷ್ಟೇ ಇದ್ದರೂ ಕೋಶದ ಸ್ಪಂದನೆ ಏರಬಲ್ಲದು. ರಕ್ತದಲ್ಲಿನ ಹಾರ್ಮೋನನ್ನು ಮಾತ್ರ ಅಳೆದು ಗ್ರಂಥಿಯ ಸ್ಥಿತಿಯನ್ನು ಹೇಳಲು ಹೊರಟರೆ ಈ ಪದರ ಕಣ್ತಪ್ಪಿಹೋಗುತ್ತದೆ.

ಐ.ಜಿ.ಎಫ್.-2ರ ಕಥೆ ಇನ್ನೂ ಸ್ವಾರಸ್ಯಕರ, ಏಕೆಂದರೆ ಅದರ ಮುಖ್ಯ ಕಾಲ ಭ್ರೂಣಾವಸ್ಥೆ. ಮಾನವ ಭ್ರೂಣದ ಅಡ್ರಿನಲ್ ಗ್ರಂಥಿ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು. ಅದರ ಕಾರ್ಟೆಕ್ಸಿನ ಬಹುಪಾಲು ಭ್ರೂಣವಲಯವೆಂಬ ಭಾಗ, ಹುಟ್ಟಿದ ಮೇಲೆ ಅದು ಕರಗಿಹೋಗುತ್ತದೆ. ಆ ಹಂತದಲ್ಲಿ ಐ.ಜಿ.ಎಫ್.-2ರ ಸಂದೇಶವಾಹಕ ಆರ್.ಎನ್.ಎ. (ಪ್ರೋಟೀನು ತಯಾರಿಸಲು ಜೀನಿನಿಂದ ಸೂಚನೆ ಒಯ್ಯುವ ಅಣು) ಗ್ರಂಥಿಯಲ್ಲಿ ಹೇರಳವಾಗಿರುತ್ತದೆ. ವೌಟಿಲೈನೆನ್ ಮತ್ತು ಮಿಲ್ಲರ್ 1987ರಲ್ಲಿ ತೋರಿಸಿದಂತೆ, ಸ್ಟೀರಾಯ್ಡ್ ತಯಾರಿಸುವ ಮಾನವ ಕೋಶಗಳಿಗೆ ಅವುಗಳ ಪ್ರಚೋದಕ ಹಾರ್ಮೋನನ್ನು ಕೊಟ್ಟಾಗ ಐ.ಜಿ.ಎಫ್.-2ರ ಆರ್.ಎನ್.ಎ. ಮತ್ತು ಸ್ಟೀರಾಯ್ಡ್ ತಯಾರಿಕೆಯ ಮೊದಲ ಹೆಜ್ಜೆಯಾಗಿ ಕೊಲೆಸ್ಟರಾಲಿನ ಪಾರ್ಶ್ವಸರಪಳಿಯನ್ನು ಕತ್ತರಿಸುವ ಕಿಣ್ವದ ಆರ್.ಎನ್.ಎ. ಎರಡೂ ಜೊತೆಜೊತೆಯಾಗಿ ಏರುತ್ತವೆ. ನಿನ್ನ ಪ್ರಶ್ನೆಗೆ ಇದು ನೇರವಾದ ಸಾಕ್ಷ್ಯ: ಎ.ಸಿ.ಟಿ.ಎಚ್. ಒಂದು ಕೈಯಿಂದ ಸ್ಟೀರಾಯ್ಡ್ ಕೆಲಸಕ್ಕೆ ಚಾಲನೆ ಕೊಡುತ್ತದೆ, ಇನ್ನೊಂದು ಕೈಯಿಂದ ಬೆಳವಣಿಗೆ ಅಂಶವನ್ನು ತಯಾರಿಸಿಕೊಳ್ಳುತ್ತದೆ. ಮಿದುಳು ರೂಪುಗೊಳ್ಳದೆ ಹುಟ್ಟುವ ಅನೆನ್ಸೆಫಾಲಿ ಶಿಶುಗಳಲ್ಲಿ ಅಡ್ರಿನಲ್ ಗ್ರಂಥಿ ತೀರಾ ಚಿಕ್ಕದಾಗಿರುವುದು, ಪಿಟ್ಯುಟರಿಯಿಂದ ಬರುವ ಸಂಕೇತವಿಲ್ಲದೆ ಈ ಸ್ಥಳೀಯ ಸರಪಳಿ ತಾನಾಗಿಯೇ ಪೂರ್ತಿ ನಡೆಯಲಾರದು ಎಂಬುದನ್ನು ತೋರಿಸುತ್ತದೆ.

ಎರಡನೆಯದು ಫೈಬ್ರೋಬ್ಲಾಸ್ಟ್ ಬೆಳವಣಿಗೆ ಅಂಶ, ಎಫ್.ಜಿ.ಎಫ್. ಗಾಸ್ಪೊಡರೋವಿಚ್ ಮತ್ತು ಸಂಗಡಿಗರು 1977ರಲ್ಲಿ ಹಸುವಿನ ಕಾರ್ಟೆಕ್ಸ್ ಕೋಶಗಳ ವಿಭಜನೆಯನ್ನು ಎಫ್.ಜಿ.ಎಫ್. ಪ್ರಚೋದಿಸುತ್ತದೆ, ಆದರೆ ಎಪಿಡರ್ಮಲ್ ಬೆಳವಣಿಗೆ ಅಂಶವಾದ ಇ.ಜಿ.ಎಫ್. ಅಲ್ಲಿ ಪರಿಣಾಮ ಬೀರುವುದಿಲ್ಲ ಎಂದು ವರದಿ ಮಾಡಿದರು. ಮಾನವ ಭ್ರೂಣದ ಅಡ್ರಿನಲ್ ಕೋಶಗಳಲ್ಲಾದರೋ ಎರಡೂ ವಿಭಜನೆಯನ್ನು ಹೆಚ್ಚಿಸುತ್ತವೆ. ಆದ್ದರಿಂದ ಸೆಮಿನಾರಿನಲ್ಲಿ ಪ್ರತಿ ವಾಕ್ಯದಲ್ಲೂ ಯಾವ ಪ್ರಾಣಿ, ಯಾವ ವಯಸ್ಸು, ಯಾವ ವಲಯ ಎಂಬುದನ್ನು ಹೇಳು. ಹಸುವಿನ ಫಲಿತಾಂಶವನ್ನು ಮನುಷ್ಯನಿಗೆ ಅಂಟಿಸಿ ಮಾತನಾಡುವುದು ನಮ್ಮ ತರಗತಿಗಳಲ್ಲಿ ತೀರಾ ಸಾಮಾನ್ಯವಾಗಿಬಿಟ್ಟಿದೆ, ಪರೀಕ್ಷಕರೂ ಅದನ್ನು ಪ್ರಶ್ನಿಸುವುದಿಲ್ಲ.

ಮೂರನೆಯದು ತಡೆಯುವ ಅಂಶ: ರೂಪಾಂತರಕ ಬೆಳವಣಿಗೆ ಅಂಶ ಬೀಟಾ, ಟಿ.ಜಿ.ಎಫ್.-ಬೀಟಾ. ಹೆಸರಿನಲ್ಲಿ ಬೆಳವಣಿಗೆ ಇದ್ದರೂ ಇಲ್ಲಿ ಅದು ಹೆಚ್ಚಾಗಿ ಕಡಿವಾಣದ ಕೆಲಸ ಮಾಡುತ್ತದೆ. ವಯಸ್ಕ ಹಸುವಿನ ಕೋಶಗಳಲ್ಲಿ ಅದು ತಡೆಯುವುದು ವಿಭಜನೆಗಿಂತ ಸ್ಟೀರಾಯ್ಡ್ ತಯಾರಿಕೆಯನ್ನು. ಕಾರ್ಟಿಸಾಲಿಗೆ ಅತ್ಯಗತ್ಯವಾದ 17-ಹೈಡ್ರಾಕ್ಸಿಲೇಸ್ ಕಿಣ್ವ ಅದರ ಪ್ರಭಾವದಲ್ಲಿ ಇಳಿಯುತ್ತದೆ. ಮಾನವ ಭ್ರೂಣದ ಕೋಶಗಳಲ್ಲಿ ಅದು ವಿಭಜನೆಯನ್ನೂ ತಗ್ಗಿಸುತ್ತದೆ. ಈ ಅಂಶ ನಿಷ್ಕ್ರಿಯ ರೂಪದಲ್ಲಿ ಹೊರಬಂದು ಕೋಶಗಳ ನಡುವಿನ ಜಾಲದಲ್ಲಿ ಕಾದುಕೊಂಡಿರುತ್ತದೆ; ಯಾರಾದರೂ ಅದನ್ನು ಬಿಡಿಸಿ ಸಕ್ರಿಯಗೊಳಿಸಬೇಕು. ಥ್ರಾಂಬೋಸ್ಪಾಂಡಿನ್-1 ಎಂಬ ಪ್ರೋಟೀನಿಗೆ ಆ ಸಾಮರ್ಥ್ಯವಿದೆ. ಎಷ್ಟು ಅಂಶ ತಯಾರಾಯಿತು ಎಂಬುದಕ್ಕಿಂತ ಎಷ್ಟು ಸಕ್ರಿಯವಾಯಿತು ಎಂಬ ಪ್ರಶ್ನೆಯೇ ಇಲ್ಲಿ ಮುಖ್ಯವಾಗುವುದು ಈ ಕಾರಣದಿಂದ.


ಉತ್ತರ: ಕೋಶಕೃಷಿಕ, ಮೈಸೂರು

ಮೇಷ್ಟ್ರ ವಿವರಣೆಗೆ ವಂದನೆಗಳು. ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದೇ ನನ್ನ ಸಂಶೋಧನೆಯ ದಿನನಿತ್ಯದ ಕೆಲಸವಾದ್ದರಿಂದ ಆ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಇಲಿಜಾತಿಯ ಅಡ್ರಿನಲ್ ಗೆಡ್ಡೆಯೊಂದರಿಂದ 1966ರಲ್ಲಿ ಸ್ಥಾಪನೆಯಾದ ವೈ-1 ಎಂಬ ಕೋಶವಂಶವಿದೆ. ತಟ್ಟೆಯ ತಳಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿರುವ ಈ ಕೋಶಗಳಿಗೆ ಎ.ಸಿ.ಟಿ.ಎಚ್. ಹಾಕಿ ಸ್ವಲ್ಪ ಹೊತ್ತಿನ ಮೇಲೆ ತಲೆಕೆಳಗಾದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚುಗಳನ್ನು ಒಳಗೆ ಎಳೆದುಕೊಂಡು ದುಂಡಗಾಗಿ, ಸುತ್ತ ಹೊಳೆಯುವ ಉಂಗುರವೊಂದು ಕಾಣುವಂತೆ ಕುಳಿತಿರುತ್ತವೆ. ಮೊದಲ ಸಲ ನೋಡುವವರು ಕೋಶಗಳು ಸತ್ತವೆಂದು ತಟ್ಟೆಯನ್ನು ಎಸೆಯಲು ಹೊರಡುತ್ತಾರೆ. ಸತ್ತಿರುವುದಿಲ್ಲ, ಸ್ಟೀರಾಯ್ಡ್ ತಯಾರಿಸುತ್ತಿರುತ್ತವೆ. ಕೆಲಸ ಬೇರೆ, ವಿಭಜನೆ ಬೇರೆ ಎಂದು ಮೇಷ್ಟ್ರು ಹೇಳಿದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ತಟ್ಟೆಯ ಪ್ರಯೋಗಕ್ಕೆ ಇರುವ ಇನ್ನೊಂದು ಮಿತಿಯನ್ನೂ ನಿಮ್ಮ ಸೆಮಿನಾರಿನಲ್ಲಿ ಹೇಳಬಹುದು. ಗ್ರಂಥಿಯೊಳಗೆ ಎರಡು ಕೋಶಗಳ ನಡುವಿನ ಜಾಗ ಅತಿ ಕಿರಿದು. ಅಲ್ಲಿಗೆ ಬಿಟ್ಟ ಚೂರು ಐ.ಜಿ.ಎಫ್. ಪಕ್ಕದ ಕೋಶವನ್ನು ತಲುಪುವಾಗ ಸಾಂದ್ರವಾಗಿಯೇ ಇರುತ್ತದೆ. ತಟ್ಟೆಯಲ್ಲಿ ಅದೇ ಪ್ರಮಾಣ ಹಲವು ಮಿಲಿಲೀಟರ್ ಪೋಷಕ ದ್ರವದಲ್ಲಿ ತೆಳುವಾಗಿ ಹರಡಿಹೋಗುತ್ತದೆ, ನಾವು ದ್ರವ ಬದಲಿಸಿದಾಗಲೆಲ್ಲ ಅದೂ ಚೆಲ್ಲಿಹೋಗುತ್ತದೆ. ಜೊತೆಗೆ ಐ.ಜಿ.ಎಫ್.ಗಳನ್ನು ಹಿಡಿದಿಟ್ಟುಕೊಳ್ಳುವ ಬಂಧಕ ಪ್ರೋಟೀನುಗಳ ಗುಂಪೊಂದಿದೆ. ಸೀರಮ್ (ರಕ್ತದಿಂದ ಬೇರ್ಪಡಿಸಿದ ದ್ರವ) ಹಾಕಿ ಬೆಳೆಸಿದ್ದೀರೋ ಹಾಕದೆ ಬೆಳೆಸಿದ್ದೀರೋ ಎಂಬುದರ ಮೇಲೂ ಫಲಿತಾಂಶ ಬದಲಾಗುವುದು ಇಂಥ ಕಾರಣಗಳಿಂದಲೇ.

ನೀರುಗಂಟಿಯ ಹೋಲಿಕೆಗೆ ಮಾತ್ರ ನನ್ನದೊಂದು ತಕರಾರಿದೆ, ಮೇಷ್ಟ್ರು ಮನ್ನಿಸಬೇಕು. ನಾಲೆಯ ನೀರು ನೀರುಗಂಟಿಯನ್ನು ನೇಮಿಸುವುದಿಲ್ಲ. ಇಲ್ಲಿ ಎ.ಸಿ.ಟಿ.ಎಚ್. ಬಂದರೆ ತಾನೇ ಐ.ಜಿ.ಎಫ್. ತಯಾರಿಕೆ ಏರುವುದು? ತಡೆಯುವ ಕಡೆಯಲ್ಲೂ ಹಾಗೆಯೇ: ಹಸುವಿನ ಕೋಶಗಳಲ್ಲಿ ಟಿ.ಜಿ.ಎಫ್.-ಬೀಟಾ ಗ್ರಾಹಕಗಳನ್ನು ಹೆಚ್ಚಿಸುವುದು ಎ.ಸಿ.ಟಿ.ಎಚ್. ಹಾರ್ಮೋನೇ. ಅಂದರೆ ಅದು ತನ್ನ ಪ್ರೋತ್ಸಾಹಕರನ್ನೂ ತನ್ನ ಕಡಿವಾಣವನ್ನೂ ತಾನೇ ಸಿದ್ಧಪಡಿಸುತ್ತದೆ. ಸ್ಥಳೀಯ ಅಂಶಗಳನ್ನು ಸ್ವತಂತ್ರ ಅಧಿಕಾರಿಗಳೆಂದು ಚಿತ್ರಿಸಿದರೆ ಈ ಸಂಬಂಧ ಮರೆಯಾಗುತ್ತದೆ.

ಸ್ಥಳೀಯ ಅಂಶಗಳಿಂದಲೇ ಎಲ್ಲವೂ ಬಗೆಹರಿಯಿತೆಂದೂ ಬರೆಯಬೇಡಿ. ಇಲಿಯ ಒಂದು ಅಡ್ರಿನಲ್ ಗ್ರಂಥಿಯನ್ನು ತೆಗೆದರೆ ಉಳಿದದ್ದು ಬೆಳೆದು ಕೊರತೆ ತುಂಬುತ್ತದೆ, ಈ ಸ್ಪಂದನೆಯಲ್ಲಿ ನರಗಳ ಪಾತ್ರವಿದೆಯೆಂದು ಪ್ರಯೋಗಗಳು ತೋರಿಸಿವೆ. ಅಲ್ಲದೆ ಎ.ಸಿ.ಟಿ.ಎಚ್. ಹುಟ್ಟುವ ಮೂಲ ಪ್ರೋಟೀನಾದ ಪಿ.ಒ.ಎಂ.ಸಿ.ಯ ಆರಂಭದ ತುದಿಯಿಂದ ಕತ್ತರಿಸಿ ಬರುವ ತುಣುಕುಗಳಿಗೆ ಅಡ್ರಿನಲ್ ಕೋಶಗಳ ವಿಭಜನೆಯನ್ನು ಪ್ರಚೋದಿಸುವ ಗುಣವಿದೆ. 2001ರಲ್ಲಿ, ಆ ಕತ್ತರಿಸುವ ಕೆಲಸ ಮಾಡುವ ಕಿಣ್ವವೊಂದು ಅಡ್ರಿನಲ್ ಕಾರ್ಟೆಕ್ಸಿನಲ್ಲಿಯೇ ತಯಾರಾಗುತ್ತದೆ ಎಂಬ ವರದಿ ಬಂತು. ಪಿಟ್ಯುಟರಿಯನ್ನು ತೆಗೆದಾಗ ಎ.ಸಿ.ಟಿ.ಎಚ್. ಮಾತ್ರವಲ್ಲ, ಈ ತುಣುಕುಗಳ ಮೂಲವೂ ಹೋಗುತ್ತದೆ ಎಂಬುದನ್ನು ನೆನಪಿಟ್ಟರೆ ಸ್ಮಿತ್ ಅವರ ಪ್ರಯೋಗವನ್ನು ಓದುವ ಬಗೆಯೇ ಬದಲಾಗುತ್ತದೆ.


ಪ್ರತಿಕ್ರಿಯೆ: ಗಂಗೋತ್ರಿ ವಿದ್ಯಾರ್ಥಿನಿ

ಮೇಷ್ಟ್ರಿಗೂ ಸರ್‌ಗೂ ಅನಂತ ವಂದನೆಗಳು. ಎರಡು ಉಪಪ್ರಶ್ನೆಗಳಿವೆ. ಪಿಟ್ಯುಟರಿ ತೆಗೆದ ಇಲಿಯಲ್ಲಿ ಕಾರ್ಟೆಕ್ಸಿನ ಒಳಪದರಗಳಾದ ಫ್ಯಾಸಿಕ್ಯುಲೇಟ ಮತ್ತು ರೆಟಿಕ್ಯುಲಾರಿಸ್ ವಲಯಗಳು ಸೊರಗಿದರೂ ಹೊರಗಿನ ಗ್ಲೊಮೆರುಲೋಸ ವಲಯ ಬಹುಮಟ್ಟಿಗೆ ಉಳಿಯುತ್ತದೆ ಎಂದಿದೆ. ಅದನ್ನು ಉಳಿಸುವುದು ಯಾವುದು? ಹಾಗೆಯೇ ಗ್ರಂಥಿಯ ನಡುಭಾಗವಾದ ಮೆಡುಲ್ಲಾದ ಕೋಶಗಳಿಗೂ ಇಂಥ ಸ್ಥಳೀಯ ಅಂಶಗಳ ಹಂಗು ಇದೆಯೇ?


ಉತ್ತರ: ವೈದ್ಯೆ, ಮಂಡ್ಯ

ಮೊದಲ ಉಪಪ್ರಶ್ನೆಗೆ ನಾನು ಉತ್ತರಿಸಬಹುದು, ಏಕೆಂದರೆ ಅದರ ಪರಿಣಾಮವನ್ನು ಹೊರರೋಗಿ ವಿಭಾಗದಲ್ಲಿ ಆಗಾಗ ನೋಡುತ್ತೇನೆ. ಗ್ಲೊಮೆರುಲೋಸ ವಲಯದ ಮುಖ್ಯ ಒಡೆಯ ಎ.ಸಿ.ಟಿ.ಎಚ್. ಅಲ್ಲ, ಮೂತ್ರಪಿಂಡದ ರೆನಿನ್‌ನಿಂದ ಆರಂಭವಾಗಿ ಆಂಜಿಯೋಟೆನ್ಸಿನ್-2ರವರೆಗೆ ಬರುವ ಸರಪಳಿ ಮತ್ತು ರಕ್ತದ ಪೊಟ್ಯಾಸಿಯಮ್ ಅದನ್ನು ನಡೆಸುತ್ತವೆ. ಪಿಟ್ಯುಟರಿಯ ದೋಷದಿಂದ ಕಾರ್ಟಿಸಾಲ್ ಕುಸಿದ ರೋಗಿಯಲ್ಲಿ, ಈ ವಲಯ ತಯಾರಿಸುವ ಮತ್ತು ದೇಹದ ಲವಣಗಳ ಸಮತೋಲ ಕಾಯುವ ಅಲ್ಡೋಸ್ಟಿರೋನ್ ಹಾರ್ಮೋನು ಬಹುಮಟ್ಟಿಗೆ ಉಳಿದಿರುತ್ತದೆ, ಪೊಟ್ಯಾಸಿಯಮ್ ಏರುವುದಿಲ್ಲ. ಗ್ರಂಥಿಯೇ ನಾಶವಾಗುವ, 1855ರಲ್ಲಿ ಥಾಮಸ್ ಅಡಿಸನ್ ವಿವರಿಸಿದ ಕಾಯಿಲೆಯಲ್ಲಿ ಎರಡೂ ಕೈಕೊಡುತ್ತವೆ.

ಸ್ಥಳೀಯ ಅಂಶಗಳ ವಿಚಾರ ಪುಸ್ತಕದ ಮಾತಲ್ಲ ಎಂಬುದಕ್ಕೆ ನಮ್ಮ ಕಡೆಯ ಒಂದು ಸಾಮಾನ್ಯ ಸಂದರ್ಭವನ್ನು ಹೇಳುತ್ತೇನೆ. ಮಂಡಿನೋವಿಗೋ ಉಬ್ಬಸಕ್ಕೋ ಎಂದು ಯಾರೋ ಕೊಟ್ಟ ಪೊಟ್ಟಣದ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದ ಹಿರಿಯರು ಬರುತ್ತಾರೆ. ಮುಖ ದುಂಡಗಾಗಿರುತ್ತದೆ, ಮುಂದೋಳಿನ ಚರ್ಮ ತೆಳುವಾಗಿ ಅಲ್ಲಲ್ಲಿ ನೇರಳೆ ಕಲೆಗಳಿರುತ್ತವೆ. ಮಾತ್ರೆಯಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಇದ್ದಿರಬೇಕೆಂದು ಊಹಿಸಲು ರಕ್ತಪರೀಕ್ಷೆ ಬೇಕಾಗುವುದಿಲ್ಲ. ಹೊರಗಿನ ಸ್ಟೀರಾಯ್ಡ್ ಎ.ಸಿ.ಟಿ.ಎಚ್. ಸ್ರಾವವನ್ನು ಅಡಗಿಸಿರುತ್ತದೆ, ಗ್ರಂಥಿ ಸೊರಗಿರುತ್ತದೆ. ಮಾತ್ರೆ ಮುಗಿಯಿತೆಂದು ಒಮ್ಮೆಲೇ ನಿಲ್ಲಿಸಿದಾಗ ಸುಸ್ತು, ವಾಂತಿ, ರಕ್ತದೊತ್ತಡದ ಕುಸಿತ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದದ್ದು ಚೇತರಿಕೆಯ ಕ್ರಮ. ಪಿಟ್ಯುಟರಿ ಮೊದಲು ಎಚ್ಚೆತ್ತು ಎ.ಸಿ.ಟಿ.ಎಚ್. ಸಾಮಾನ್ಯ ಮಟ್ಟಕ್ಕೆ ಬರುತ್ತದೆ, ಕೆಲವೊಮ್ಮೆ ಅದಕ್ಕೂ ಮೇಲೇರುತ್ತದೆ. ಕಾರ್ಟಿಸಾಲ್ ಮಾತ್ರ ಇನ್ನೂ ಬಹಳ ಕಾಲ ಹಿಂದುಳಿಯುತ್ತದೆ. ಹಾರ್ಮೋನು ಬಂದ ಕೂಡಲೇ ಕೆಲಸ ಆಗಬೇಕಿತ್ತಲ್ಲ ಎಂದರೆ, ಗ್ರಂಥಿ ತನ್ನ ಕೋಶಗಳನ್ನೂ ಗ್ರಾಹಕಗಳನ್ನೂ ಕಿಣ್ವಗಳನ್ನೂ ರಕ್ತನಾಳಗಳನ್ನೂ ಮತ್ತೆ ಕಟ್ಟಿಕೊಳ್ಳಬೇಕು. ರಕ್ತನಾಳಗಳ ಬೆಳವಣಿಗೆಯ ಮಾತನ್ನು ಮೇಲಿನ ಇಬ್ಬರೂ ಎತ್ತಲಿಲ್ಲವಾದ್ದರಿಂದ ಸೇರಿಸುತ್ತೇನೆ. ಅಡ್ರಿನಲ್ ಕಾರ್ಟೆಕ್ಸಿನಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ಲೋಮನಾಳವೊಂದಕ್ಕೆ ತಾಗಿಕೊಂಡಿರುತ್ತದೆ. ಈ ಜಾಲವನ್ನು ಉಳಿಸುವುದು ವಿ.ಇ.ಜಿ.ಎಫ್. ಎಂಬ ರಕ್ತನಾಳ ಬೆಳವಣಿಗೆ ಅಂಶ. ಅದನ್ನು ಕಾರ್ಟೆಕ್ಸ್ ಕೋಶಗಳೇ ತಯಾರಿಸುತ್ತವೆ, ತಯಾರಿಕೆಯನ್ನು ಎ.ಸಿ.ಟಿ.ಎಚ್. ಏರಿಸುತ್ತದೆ. ಡೆಕ್ಸಾಮೆಥಾಸೋನ್ ಕೊಟ್ಟ ಇಲಿಗಳಲ್ಲಿ ಗ್ರಂಥಿ ಸಣ್ಣದಾಗುವುದರ ಜೊತೆಗೆ ಅದರ ರಕ್ತನಾಳಗಳೂ ಹಿಂಜರಿಯುವುದನ್ನು ತೋರಿಸಲಾಗಿದೆ. ಸ್ಟೀರಾಯ್ಡ್ ಸ್ರವಿಸುವ ಗ್ರಂಥಿಗಳಲ್ಲಿ ಪ್ರಮುಖವಾಗಿ ಕಾಣುವ ಇ.ಜಿ.-ವಿ.ಇ.ಜಿ.ಎಫ್. ಎಂಬ ಇನ್ನೊಂದು ಅಂಶವನ್ನು 2001ರಲ್ಲಿ ವರದಿ ಮಾಡಿದರು.

ಈ ಚರ್ಚೆಯನ್ನು ವಿದ್ಯಾರ್ಥಿಗಳಲ್ಲದವರೂ ಓದಬಹುದು ಎಂಬ ಕಾರಣಕ್ಕೆ ಒಂದು ಮಾತು: ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ತಾವಾಗಿ ನಿಲ್ಲಿಸಬಾರದು, ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸಬೇಕು.


ಉತ್ತರ: ಹಳೆಯ ಮೇಷ್ಟ್ರು, ಸರಸ್ವತಿಪುರಂ

ಡಾಕ್ಟರಮ್ಮನವರು ಹೇಳಿದ್ದರ ಮೇಲೆ ಗ್ಲೊಮೆರುಲೋಸ ಕುರಿತು ಇನ್ನೊಂದು ಪದರ ಸೇರಿಸಬೇಕು. ಆ ವಲಯ ಅಲ್ಡೋಸ್ಟಿರೋನ್ ತಯಾರಿಸುವುದು ಮಾತ್ರವಲ್ಲ, ಕಾರ್ಟೆಕ್ಸಿನ ಹೊಸ ಕೋಶಗಳು ಬರುವುದೂ ಆ ಅಂಚಿನಿಂದಲೇ. ಇಂಗಲ್ ಮತ್ತು ಹಿಗ್ಗಿನ್ಸ್ 1938ರಲ್ಲಿ ಇಲಿಯ ಅಡ್ರಿನಲ್ ಗ್ರಂಥಿಯ ಒಳಭಾಗವನ್ನು ಹಿಂಡಿ ತೆಗೆದು, ಹೊರಕವಚ ಮತ್ತು ಅದಕ್ಕೆ ಅಂಟಿದ ಕೆಲವೇ ಕೋಶಗಳನ್ನು ಬಿಟ್ಟರೂ ಕಾರ್ಟೆಕ್ಸ್ ಮತ್ತೆ ಬೆಳೆದುಬರುವುದನ್ನು ವರ್ಣಿಸಿದರು. ಅಷ್ಟು ಹಳೆಯ ಪ್ರಯೋಗಕ್ಕೆ ಅಣುಮಟ್ಟದ ವಿವರಣೆ ಸಿಕ್ಕಿದ್ದು ಇತ್ತೀಚೆಗೆ. ಕವಚದ ಕೋಶಗಳು ಆರ್-ಸ್ಪಾಂಡಿನ್-3 ಎಂಬ ಅಂಶವನ್ನು ಬಿಡುತ್ತವೆ. ಅದರ ನೆರವಿನಿಂದ ಕವಚದ ಕೆಳಗಿನ ಕೋಶಗಳಲ್ಲಿ ವಿಂಟ್ ಎಂಬ ಬೆಳವಣಿಗೆ ಸಂಕೇತ ಚುರುಕಾಗಿ, ಅವು ಗ್ಲೊಮೆರುಲೋಸ ಕೋಶಗಳಾಗಿ ನೆಲೆಗೊಳ್ಳುತ್ತವೆ. ಆ ಕೋಶಗಳು ಪ್ರತಿಯಾಗಿ ಸೋನಿಕ್ ಹೆಡ್ಜ್‌ಹಾಗ್ ಎಂಬ ಸಂಕೇತವನ್ನು ಕವಚಕ್ಕೆ ಕಳಿಸುತ್ತವೆ. ಕೋಶಗಳು ನಿಧಾನವಾಗಿ ಒಳಮುಖವಾಗಿ ಸರಿದಂತೆ ಕವಚದ ಅಂಶದಿಂದ ದೂರವಾಗುತ್ತವೆ, ಎ.ಸಿ.ಟಿ.ಎಚ್.ನ ಪ್ರೋಟೀನ್ ಕೈನೇಸ್ ಎ ಸಂಕೇತ ಮೇಲುಗೈ ಪಡೆದು ವಿಂಟ್ ಸಂಕೇತವನ್ನು ಅಡಗಿಸುತ್ತದೆ, ಕೋಶವು ಫ್ಯಾಸಿಕ್ಯುಲೇಟ ಕೋಶವಾಗಿ ಕಾರ್ಟಿಸಾಲ್ ಕೆಲಸಕ್ಕೆ ತೊಡಗುತ್ತದೆ. ಇಲಿಗಳಲ್ಲಿ ಕಾರ್ಟಿಸಾಲಿನ ಬದಲು ಕಾರ್ಟಿಕೋಸ್ಟಿರೋನ್ ಎಂಬುದನ್ನು ಮರೆಯಬೇಡ. ನಿನ್ನ ಮೂಲ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಕಾಣದು: ವಿಭಜನೆಯ ಜಾಗ ಒಂದು, ದುಡಿಮೆಯ ಜಾಗ ಇನ್ನೊಂದು. ತಟ್ಟೆಯಲ್ಲಿ ಈ ಎರಡು ಜಾಗಗಳ ನಡುವಿನ ದೂರವೇ ಇರುವುದಿಲ್ಲ.

ಇನ್ನು ಮೆಡುಲ್ಲಾ. ಹಂಗು ಇದೆಯೇ ಎಂದು ಕೇಳಿದ್ದೀಯೆ, ಧಾರಾಳವಾಗಿದೆ. ಕುರಿಯ ಅಡ್ರಿನಲ್ ಗ್ರಂಥಿಯೊಂದನ್ನು ಮಾಂಸದಂಗಡಿಯಿಂದ ಕೇಳಿ ತರಿಸಿಕೋ. ಮೂತ್ರಪಿಂಡದ ಬಳಿಯ ಕೊಬ್ಬಿನಲ್ಲಿ ಹುದುಗಿರುತ್ತದೆ, ಕೊಬ್ಬನ್ನು ಬಿಡಿಸುವಾಗ ಅವಸರ ಮಾಡಬಾರದು. ಹೊಸ ಬ್ಲೇಡಿನಿಂದ ಅಡ್ಡಲಾಗಿ ಕೊಯ್ದರೆ ಹೊರಗೆ ಕಂದು ಪಟ್ಟಿಯಾಗಿ ಕಾರ್ಟೆಕ್ಸ್, ಒಳಗೆ ಬಿಳಿಚಿದ ಮೆಡುಲ್ಲಾ ಬೇರೆಬೇರೆಯಾಗಿ ಕಾಣುತ್ತವೆ. ಆ ತುಂಡನ್ನು ಪೊಟ್ಯಾಸಿಯಮ್ ಡೈಕ್ರೋಮೇಟ್ ದ್ರಾವಣದಲ್ಲಿ ಇಟ್ಟರೆ ಒಳಗಿನ ಭಾಗ ಗಾಢ ಕಂದಾಗುತ್ತದೆ. ಆ ಬಣ್ಣ ಮೆಡುಲ್ಲಾದ ಕ್ರೋಮಾಫಿನ್ ಕೋಶಗಳಲ್ಲಿನ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳ ಉತ್ಕರ್ಷಣದಿಂದ ಬರುವುದು. ಡೈಕ್ರೋಮೇಟ್ ವಿಷಕಾರಿ, ಕೈಗವಸು ಇಲ್ಲದೆ ಮುಟ್ಟಬೇಡ, ಮಿಕ್ಕ ದ್ರಾವಣವನ್ನು ಸಿಂಕಿಗೆ ಸುರಿಯಬೇಡ.

ಆ ತುಂಡನ್ನು ನೋಡುತ್ತ ರಕ್ತ ಹರಿಯುವ ದಿಕ್ಕನ್ನು ಯೋಚಿಸು. ಬಹುಪಾಲು ರಕ್ತ ಹೊರಕವಚದಿಂದ ಕಾರ್ಟೆಕ್ಸನ್ನು ಹಾದು ಒಳಗಿನ ಮೆಡುಲ್ಲಾವನ್ನು ತಲುಪುತ್ತದೆ. ಆದ್ದರಿಂದ ಮೆಡುಲ್ಲಾ ಕೋಶಗಳು ಪಡೆಯುವ ಗ್ಲೂಕೋಕಾರ್ಟಿಕಾಯ್ಡ್ (ಕಾರ್ಟಿಸಾಲ್ ಬಗೆಯ ಸ್ಟೀರಾಯ್ಡ್) ಪ್ರಮಾಣ ದೇಹದ ಉಳಿದ ಅಂಗಗಳು ಪಡೆಯುವುದಕ್ಕಿಂತ ಬಹಳ ಹೆಚ್ಚು. ನಾರ್‌ಅಡ್ರಿನಲಿನ್ ಅನ್ನು ಅಡ್ರಿನಲಿನ್ ಆಗಿ ಮಾರ್ಪಡಿಸುವ ಕಿಣ್ವ ಈ ಅಧಿಕ ಪ್ರಮಾಣವನ್ನೇ ಅವಲಂಬಿಸಿದೆಯೆಂದು ವರ್ಟ್‌ಮನ್ ಮತ್ತು ಆಕ್ಸೆಲ್ರಾಡ್ 1965ರಲ್ಲಿ ತೋರಿಸಿದರು. ಗ್ಲೂಕೋಕಾರ್ಟಿಕಾಯ್ಡ್ ಬೆಳವಣಿಗೆ ಅಂಶವಲ್ಲ, ನಿಜ; ಆದರೆ ಅದು ಇಲ್ಲಿ ನೆರೆಯ ಅಂಗಾಂಶದಿಂದ ನೇರವಾಗಿ ಬರುವ ಸ್ಥಳೀಯ ಸಂಕೇತವೇ.

ಅದಕ್ಕೆ ಎದುರಾಗಿ ನಿಲ್ಲುವುದು ನರ ಬೆಳವಣಿಗೆ ಅಂಶ, ಎನ್.ಜಿ.ಎಫ್. ಕ್ರೋಮಾಫಿನ್ ಕೋಶಗಳೂ ಸಿಂಪಥೆಟಿಕ್ ನರಕೋಶಗಳೂ ಭ್ರೂಣದ ನರಶಿಖೆ ಎಂಬ ಕೋಶಸಮೂಹದಿಂದ ಬಂದ ದಾಯಾದಿಗಳು. ಅಲೋಯೆ ಮತ್ತು ಲೆವಿ-ಮೊಂಟಾಲ್ಚಿನಿ 1979ರಲ್ಲಿ ಇಲಿಯ ಭ್ರೂಣಗಳಿಗೆ ಎನ್.ಜಿ.ಎಫ್. ಕೊಟ್ಟು, ಇನ್ನೂ ಬಲಿಯದ ಕ್ರೋಮಾಫಿನ್ ಕೋಶಗಳು ನರಕೋಶಗಳಾಗಿ ಮಾರ್ಪಡುವುದನ್ನು ವರದಿ ಮಾಡಿದರು. ಕ್ರೋಮಾಫಿನ್ ಗೆಡ್ಡೆಯಿಂದ ಗ್ರೀನ್ ಮತ್ತು ಟಿಶ್ಲರ್ 1976ರಲ್ಲಿ ಸ್ಥಾಪಿಸಿದ ಪಿ.ಸಿ.-12 ಕೋಶಗಳು ಎನ್.ಜಿ.ಎಫ್. ಸಿಕ್ಕರೆ ವಿಭಜನೆ ನಿಲ್ಲಿಸಿ ಉದ್ದನೆಯ ನರತಂತುಗಳನ್ನು ಚಾಚುತ್ತವೆ. ಎನ್.ಜಿ.ಎಫ್. ಕಂಡುಹಿಡಿದ ಲೆವಿ-ಮೊಂಟಾಲ್ಚಿನಿ ಮತ್ತು ಇ.ಜಿ.ಎಫ್. ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ 1986ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನಿನ್ನ ವಿಷಯದ ಎರಡು ಅಂಶಗಳು ಆ ಒಂದೇ ಪ್ರಶಸ್ತಿಯಲ್ಲಿವೆ.


ಪ್ರತಿಕ್ರಿಯೆ: ಗಂಗೋತ್ರಿ ವಿದ್ಯಾರ್ಥಿನಿ

ಸೆಮಿನಾರಿನ ಚಿತ್ರವನ್ನು ವಲಯಗಳ ಬದಲು ಹೊರಕವಚದಿಂದ ಒಳಮುಖವಾಗಿ ಕೋಶ ಸಾಗುವ ದಾರಿಯಾಗಿ ಬರೆಯಲು ನಿರ್ಧರಿಸಿದ್ದೇನೆ. ಕೊನೆಯದಾಗಿ ಒಂದು ಸಂದೇಹ: ಐ.ಜಿ.ಎಫ್.-2 ಇಷ್ಟು ಪ್ರಬಲವಾದ ಅಂಶವಾಗಿದ್ದರೆ, ಹುಟ್ಟಿದ ಮೇಲೆ ಅದು ಅಂಕೆ ತಪ್ಪಿದಾಗ ಏನಾಗುತ್ತದೆ?


ಉತ್ತರ: ಕೋಶಕೃಷಿಕ, ಮೈಸೂರು

ಐ.ಜಿ.ಎಫ್.-2ರ ಜೀನು 11ನೆಯ ವರ್ಣತಂತುವಿನ ಕಿರುತೋಳಿನಲ್ಲಿದೆ. ಸಾಮಾನ್ಯವಾಗಿ ತಂದೆಯಿಂದ ಬಂದ ಪ್ರತಿ ಮಾತ್ರ ಚಾಲೂ ಇರುತ್ತದೆ. ಈ ಏರ್ಪಾಡು ಕೆಟ್ಟು ಅಂಶ ಹೆಚ್ಚಾಗಿ ತಯಾರಾಗುವ ಸಂದರ್ಭಗಳಲ್ಲಿ ಬೆಕ್‌ವಿತ್-ವೀಡೆಮನ್ ಲಕ್ಷಣಕೂಟ ಕಾಣಿಸಿಕೊಳ್ಳಬಹುದು. ಅಂಥ ಮಕ್ಕಳ ಅಡ್ರಿನಲ್ ಕೋಶಗಳು ಅಸಹಜವಾಗಿ ದೊಡ್ಡದಾಗಿರುತ್ತವೆ, ಅಡ್ರಿನಲ್ ಗೆಡ್ಡೆಗಳ ಅಪಾಯವೂ ಹೆಚ್ಚು. ವಯಸ್ಕರ ಅಡ್ರಿನಲ್ ಕಾರ್ಟೆಕ್ಸಿನ ಕ್ಯಾನ್ಸರಿನಲ್ಲಿ ಬಹುಪಾಲು ಗೆಡ್ಡೆಗಳು ಐ.ಜಿ.ಎಫ್.-2 ಅನ್ನು ವಿಪರೀತವಾಗಿ ತಯಾರಿಸುತ್ತವೆ. ಹಾನಿಕರವಲ್ಲದ ಗಂಟುಗಳಲ್ಲಿ ಇದು ಅಪರೂಪ.

ಹಾಗಾದರೆ ಆ ಅಂಶದ ಗ್ರಾಹಕವನ್ನು ಮುಚ್ಚಿದರೆ ರೋಗ ಹಿಮ್ಮೆಟ್ಟಬೇಕಲ್ಲವೇ ಎಂಬ ತರ್ಕದಿಂದ ಲಿನ್ಸಿಟಿನಿಬ್ ಎಂಬ ಔಷಧವನ್ನು ಮುಂದುವರಿದ ಹಂತದ ರೋಗಿಗಳ ಮೇಲೆ ಪರೀಕ್ಷಿಸಿದರು. ಅದು ಐ.ಜಿ.ಎಫ್.-1 ಗ್ರಾಹಕವನ್ನೂ ಇನ್ಸುಲಿನ್ ಗ್ರಾಹಕವನ್ನೂ ತಡೆಯುತ್ತದೆ, ಐ.ಜಿ.ಎಫ್.-2 ತನ್ನ ವಿಭಜನಾ ಸಂಕೇತವನ್ನು ಈ ಗ್ರಾಹಕಗಳ ಮೂಲಕವೇ ಕೊಡುತ್ತದೆ. 2015ರಲ್ಲಿ ಪ್ರಕಟವಾದ ಮೂರನೆಯ ಹಂತದ ಪ್ರಯೋಗದಲ್ಲಿ, ಒಟ್ಟು ರೋಗಿಗಳನ್ನು ಗಣನೆಗೆ ತೆಗೆದುಕೊಂಡಾಗ, ಔಷಧ ಪಡೆದವರ ಬದುಕುಳಿಯುವ ಅವಧಿ ಹುಸಿ ಔಷಧ ಪಡೆದವರಿಗಿಂತ ಹೆಚ್ಚಲಿಲ್ಲ. ಈ ಗೆಡ್ಡೆಗಳಲ್ಲಿ ಮೇಷ್ಟ್ರು ವಿವರಿಸಿದ ವಿಂಟ್ ಸಂಕೇತವನ್ನು ಕೋಶದೊಳಗೆ ಒಯ್ಯುವ ಬೀಟಾ-ಕೆಟೆನಿನ್ ದಾರಿಯ ದೋಷಗಳೂ ಗೆಡ್ಡೆಗಳನ್ನು ತಡೆಯುವ ಟಿ.ಪಿ.-53 ಜೀನಿನ ದೋಷಗಳೂ ಮತ್ತೆಮತ್ತೆ ಕಂಡುಬರುತ್ತವೆ. ಸೆಮಿನಾರಿನಲ್ಲಿ ಐ.ಜಿ.ಎಫ್.-2 ಕುರಿತ ಸ್ಲೈಡನ್ನು ತೋರಿಸಿದ ಕೂಡಲೇ ಈ ಪ್ರಯೋಗದ ಫಲಿತಾಂಶವನ್ನೂ ಇಡಿ. ಹಾಗೆ ಮಾಡಿದರೆ ಮುಂದಿನ ಬೆಂಚಿನವರು ಕೇಳುವ ಮೊದಲೇ ಉತ್ತರ ಅಲ್ಲಿರುತ್ತದೆ.